ಕೋವಿಯ ಬಾಯಿ ದೇವರ ಕಡೆಗೆ ಇರಬಾರದಂತೆ

ನನ್ನ ಗಂಡನ ಮನೆಯವರು ಒಳ್ಳೆಯವರು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದಿನದನ್ನು ಓದಿದ ಮೇಲೆ ಹೇಳಿದರೆ ಯಾರೂ ನಂಬುವುದಿಲ್ಲ. ಮೈಸೂರು ಕಡೆಯಿಂದ ಬಂದು ಮದರಾಸಿನಲ್ಲಿ ಬೇರುಬಿಟ್ಟವರು. ಮಾತಿನಲ್ಲಿ ಅರ್ಧ ತಮಿಳು, ಸಾರಿನಲ್ಲಿ ಮಾತ್ರ ಪೂರ್ತಿ ಮೈಸೂರು. ಇನ್ನೊಬ್ಬರಿಗೆ ಕೇಡು ಬಯಸಿದವರಲ್ಲ. ಅಷ್ಟು ಒಳ್ಳೆಯತನ ಸಾಕು ಎಂದು ಅವರು ತಿಳಿದುಕೊಂಡಿದ್ದಾರೆ, ನನಗೆ ಮೈ ಉರಿಯುವುದು ಅದಕ್ಕೇ.

ಆ ಮನೆಯಲ್ಲಿ ಒಂದು ಜೋಡುನಳಿಗೆ ಕೋವಿ ಇದೆ. ಮಾವನವರು ಹೊಸೂರಿನ ಹತ್ತಿರ ಮಾವಿನ ತೋಟ ಮಾಡಿದ್ದಾಗ ಹಂದಿ ಬೆದರಿಸಲೆಂದು ಲೈಸೆನ್ಸ್ ಮಾಡಿಸಿ ತಂದದ್ದು. ಅವರು ತೀರಿಹೋದ ಮೇಲೆ ತೋಟ, ಲೈಸೆನ್ಸ್ ಎರಡೂ ಹಿರಿಯ ಮಗನ, ಎಂದರೆ ನನ್ನ ಭಾವನವರ ಹೆಸರಿಗೆ ಬಂದವು. ಮಾವನವರ ಎಚ್ಚರ ಮಾತ್ರ ಬರಲಿಲ್ಲ. ಭಾವ ಬ್ಯಾಂಕಿನಿಂದ ನಿವೃತ್ತರಾದವರು. ವೇಲಚೇರಿಯ ಒಂದು ಫ್ಲ್ಯಾಟಿನಲ್ಲಿ ಓರಗಿತ್ತಿ ಮತ್ತು ಅತ್ತೆಯ ಜೊತೆ ಇದ್ದಾರೆ. ಕೋವಿಯೂ ಅಲ್ಲೇ, ಅವರ ಮಲಗುವ ಕೋಣೆಯ ಬೀರುವಿನಲ್ಲಿ, ರೇಷ್ಮೆ ಸೀರೆಗಳ ಹಿಂದೆ ಇರುತ್ತದೆ.

ನಾನು ಕಾಲೇಜಿನಲ್ಲಿ ಎನ್‌ಸಿಸಿ ಸೇರಿ ರೈಫಲ್ ಹಿಡಿದವಳು. ಈಗ ರಜಾದಿನಗಳಲ್ಲಿ ಊರಾಚೆಯ ಒಂದು ಶೂಟಿಂಗ್ ರೇಂಜಿನಲ್ಲಿ ಹೊಸಬರಿಗೆ ಕಲಿಸುತ್ತೇನೆ. ಬಂದವರೆಲ್ಲ ಗುರಿ ಇಡುವುದನ್ನು ಕಲಿಯಲು ಬರುತ್ತಾರೆ, ನಾನು ಅವರಿಗೆ ಕೋವಿ ಕೊಡುವುದನ್ನೂ ತೆಗೆದುಕೊಳ್ಳುವುದನ್ನೂ ಕಲಿಸುತ್ತ ಕೂರುತ್ತೇನೆ. ಕೊಡುವವರು ಅದನ್ನು ತೆರೆದು, ಒಳಗೆ ನೋಡಿ, ತೋರಿಸಿ ಕೊಡಬೇಕು. ತೆಗೆದುಕೊಂಡವರು ಮತ್ತೆ ನೋಡಬೇಕು. ಒಬ್ಬ ಹುಡುಗಿ ಬೇಸರಪಟ್ಟುಕೊಂಡು ಕೇಳಿದಳು, ‘ಮೇಡಂ, ಈಗ ತಾನೇ ನೀವೇ ನೋಡಿ ಕೊಟ್ರಲ್ಲ, ಮತ್ತೆ ಯಾಕೆ?’ ನಾನು ಊಟ ಮಾಡಿದರೆ ನಿನ್ನ ಹೊಟ್ಟೆ ತುಂಬುತ್ತದೆಯೇ ಎಂದೆ. ಅವಳು ನಕ್ಕಳು, ಆದರೆ ಅಂದಿನಿಂದ ನೋಡದೆ ಕೈಗೆ ತೆಗೆದುಕೊಂಡವಳಲ್ಲ. ಕಲಿಯುವುದಕ್ಕೆ ಅಷ್ಟೇ ಬೇಕು. ಆದರೆ ಅವಳು ನನ್ನ ಭಾವ ಅಲ್ಲವಲ್ಲ.

ಕಳೆದ ಆಯುಧಪೂಜೆಗೆ ನಾವು ಬೆಸೆಂಟ್ ನಗರದಿಂದ ವೇಲಚೇರಿಗೆ ಹೋದೆವು. ಪ್ರತಿ ವರ್ಷವೂ ಪೂಜೆ ಅಲ್ಲೇ. ಹಿಂದಿನ ವರ್ಷಗಳಲ್ಲಿ ಕೋವಿ ಬೀರುವಿನಿಂದ ಹೊರಗೆ ಬರುತ್ತಿರಲಿಲ್ಲ. ಈ ಸಲ ಯಾರೋ ಸ್ನೇಹಿತರು, ನಿಮ್ಮ ಮನೆಯಲ್ಲಿ ನಿಜವಾದ ಆಯುಧವೇ ಇರುವಾಗ ಸ್ಕ್ರೂಡ್ರೈವರಿಗೆ ಪೂಜೆ ಮಾಡುತ್ತೀರಲ್ಲ ಎಂದು ಭಾವನವರನ್ನು ಕೆಣಕಿದ್ದರಂತೆ. ನಾವು ಒಳಗೆ ಕಾಲಿಡುವ ಹೊತ್ತಿಗೆ ಗೋಡೆಗೆ ಸೇರಿಸಿದ ಬೆಂಚಿನ ಮೇಲೆ ಕೆಂಪು ಬಟ್ಟೆ ಹಾಸಿ, ಇಸ್ತ್ರಿಪೆಟ್ಟಿಗೆ, ಕತ್ತರಿ, ಈಳಿಗೆಮಣೆ, ಕಾರಿನ ಕೀಲಿ ಎಲ್ಲದರ ನಡುವೆ ಕೋವಿಯನ್ನು ಮಲಗಿಸಿದ್ದರು. ಅದರ ಹಿಂಭಾಗ ದೇವರ ಪಟದ ಕಡೆಗೆ, ಬಾಯಿ ಹಾಲ್ ಕಡೆಗೆ. ಹಾಲಿನಲ್ಲಿ, ಸರಿಯಾಗಿ ಅದರ ಎದುರಿಗೆ, ಮಂಡಿನೋವಿನ ಅತ್ತೆ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು ಹೂ ಬಿಡಿಸುತ್ತಿದ್ದರು.

ಚಪ್ಪಲಿ ಬಿಡುತ್ತಲೇ ಕೇಳಿದೆ, ‘ಭಾವ, ಅದನ್ನ ಯಾಕೆ ಹೀಗಿಟ್ಟಿದೀರಿ? ಅತ್ತೆ ಕಡೆಗಿದೆಯಲ್ಲ ಬಾಯಿ?’

ಉತ್ತರ ಕೊಟ್ಟವಳು ಓರಗಿತ್ತಿ. ‘ದೇವರ ಕಡೆಗೆ ಇಡಬಾರದು ಕಣೆ. ಅಪಚಾರ ಅಲ್ವಾ?’

ಗಾಜು ಹಾಕಿದ ಪಟಕ್ಕೆ ಅಪಚಾರ ಆಗಬಾರದು. ಎಪ್ಪತ್ತು ದಾಟಿದ, ಎದ್ದು ನಿಲ್ಲಲು ಎರಡು ಕೈ ಬೇಕಾಗುವ ಜೀವಂತ ಹೆಂಗಸಿಗೆ ಏನಾದರೂ ಆಗಲಿ!

‘ತೆಗೆದು ನೋಡಿದೀರಾ?’ ಎಂದು ಭಾವನವರನ್ನು ಕೇಳಿದೆ.

‘ಖಾಲಿ ಕಣಮ್ಮಾ. ನನ್ನ ಕೋವಿ ನನಗೆ ಗೊತ್ತಿಲ್ವಾ? ಚುಮ್ಮಾ ಟೆನ್ಷನ್ ಮಾಡ್ಕೋಬೇಡ, ಸುಂಡಲ್ ತೊಗೋ.’

‘ಗೊತ್ತಿರೋದು ಬೇರೆ, ನೋಡಿರೋದು ಬೇರೆ ಭಾವ. ಒಂದೇ ನಿಮಿಷ, ತೆಗೆದುಬಿಡ್ತೀನಿ.’

‘ಮುಟ್ಟಬೇಡ!’ ಈ ಸಲ ಅತ್ತೆ. ‘ಪೂಜೆಗಿಟ್ಟ ಆಯುಧ. ನಾಳೆ ಮತ್ತೆ ಪೂಜೆ ಮಾಡಿ ತೆಗೆಯೋವರೆಗೂ ಅಲ್ಲಾಡಿಸೋ ಹಾಗಿಲ್ಲ. ನಿನಗೆ ಇಷ್ಟೂ ಗೊತ್ತಿಲ್ವೇನಮ್ಮಾ?’

ಗೊತ್ತಿತ್ತು. ನನ್ನ ತವರಿನಲ್ಲೂ ಆ ದಿನ ಹೊಲಿಗೆ ಮೆಷಿನ್ನು ಮುಟ್ಟುತ್ತಿರಲಿಲ್ಲ, ಪುಸ್ತಕ ತೆರೆಯುತ್ತಿರಲಿಲ್ಲ. ವರ್ಷವಿಡೀ ದುಡಿದ ಸಾಮಾನಿಗೆ ಒಂದು ದಿನ ವಿಶ್ರಾಂತಿ, ಒಳ್ಳೆಯ ಪದ್ಧತಿಯೇ. ಆದರೆ ಹೊಲಿಗೆ ಮೆಷಿನ್ನಿನ ಎದುರು ಕೂತು ಯಾರೂ ಸತ್ತಿಲ್ಲ. ಅತ್ತೆಯ ಕುರ್ಚಿಯನ್ನಾದರೂ ಪಕ್ಕಕ್ಕೆ ಸರಿಸೋಣವೆಂದು ಹೋದೆ. ‘ನನಗೆ ಇಲ್ಲಿಂದಲೇ ದೇವರು ಕಾಣೋದು’ ಎಂದು ಕೂತಲ್ಲಿಂದ ಕದಲಲಿಲ್ಲ. ನನ್ನ ಗಂಡನ ಮುಖ ನೋಡಿದೆ. ಅವರು ಫೋನ್ ನೋಡಿದರು.

ಅಷ್ಟರಲ್ಲಿ ಓರಗಿತ್ತಿ ಗಂಧ ಕುಂಕುಮದ ಬಟ್ಟಲು ಹಿಡಿದು ಬಂದಳು. ಕತ್ತರಿಗೆ ಒಂದು ಬೊಟ್ಟು, ಇಸ್ತ್ರಿಪೆಟ್ಟಿಗೆಗೆ ಒಂದು ಬೊಟ್ಟು. ಕೋವಿಯ ಮರದ ಹಿಡಿಗೆ ಮೂರು. ನಳಿಗೆಗೆ ಸಾಲಾಗಿ. ಆಮೇಲೆ ಕುಂಕುಮದ ಬೆರಳನ್ನು ಹಾಗೇ ತಂದು, ಟ್ರಿಗರಿನ ಸುತ್ತ ಇರುವ ಬಳೆಯೊಳಗೆ ತೂರಿಸಹೊರಟಳು. ಆಯುಧದ ಮುಖ್ಯ ಜಾಗ ಅದೇ ತಾನೇ, ಅಲ್ಲಿಗೆ ಬೊಟ್ಟು ಬೇಡವೇ?

ನಾನು ಅವಳ ಮುಂಗೈ ಹಿಡಿದುಕೊಂಡೆ. ಬಟ್ಟಲು ಬಿತ್ತು. ಅತ್ತೆ ಕೂಗಿದರು, ಯಾರು ಏನೆಂದರೋ ನನಗೆ ಕೇಳಿಸಲಿಲ್ಲ. ಬೆರಳನ್ನು ಟ್ರಿಗರಿನಿಂದ ದೂರ ಇಟ್ಟು ಕೋವಿಯನ್ನು ಎತ್ತಿದೆ. ಎತ್ತಿದ ಮೇಲೆ ಗೊತ್ತಾಯಿತು, ಅದರ ಬಾಯಿ ತಿರುಗಿಸಲು ಆ ಮನೆಯಲ್ಲಿ ಜಾಗವೇ ಇಲ್ಲ. ರೇಂಜಿನಲ್ಲಿ ಎದುರಿಗೆ ಮಣ್ಣಿನ ದಿಬ್ಬ ಇರುತ್ತದೆ. ಫ್ಲ್ಯಾಟಿನಲ್ಲಿ ಮೇಲೆ ಒಂದು ಸಂಸಾರ, ಕೆಳಗೆ ಒಂದು ಸಂಸಾರ, ಗೋಡೆಯಾಚೆ ಯಾರದೋ ಅಡುಗೆಮನೆ, ಬಾಲ್ಕನಿಯಾಚೆ ರಸ್ತೆ. ಕೊನೆಗೆ ಮೂಲೆಯಲ್ಲಿದ್ದ ಕಾಂಕ್ರೀಟ್ ಕಂಬದ ಬುಡಕ್ಕೆ ಅದರ ಬಾಯಿ ತಿರುಗಿಸಿ, ಮೇಲಿನ ಕೀಲನ್ನು ಒತ್ತಿ ಕೋವಿಯನ್ನು ನಡುವೆ ಮಡಿಸಿ ನಳಿಗೆಗಳ ಹಿಂಬದಿ ತೆರೆದೆ.

ಎಡ ನಳಿಗೆ ಖಾಲಿ. ಬಲ ನಳಿಗೆಯಲ್ಲಿ ಗುಂಡು ತುಂಬಿದ ತೋಟಾ ಇತ್ತು.

ಅದನ್ನು ಹೊರಗೆಳೆದು ಅಂಗೈಯಲ್ಲಿಟ್ಟು ಎಲ್ಲರಿಗೂ ತೋರಿಸಿದೆ. ಓರಗಿತ್ತಿ ತನ್ನ ಕುಂಕುಮದ ಬೆರಳನ್ನೇ ನೋಡುತ್ತ ನಿಂತಳು, ಆಮೇಲೆ ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟಳು. ನೀರು ಹರಿಯುವ ಸದ್ದು ಬಹಳ ಹೊತ್ತು ಕೇಳುತ್ತಿತ್ತು.

ಭಾವ ನಕ್ಕರು. ಇದನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ‘ಓ, ಅದಾ! ಹೋದ ತಿಂಗಳು ತೋಟಕ್ಕೆ ಹೋಗಿದ್ನಲ್ಲ, ಹಂದಿ ಬರಲೇ ಇಲ್ಲ. ಹಾಗೇ ಉಳ್ಕೊಂಡಿರಬೇಕು. ಸೇಫ್ಟಿ ಹಾಕಿದೆ ನೋಡಮ್ಮಾ, ಪರವಾಯಿಲ್ಲೆ.’

ಹಾಗೇ ಉಳಿದುಕೊಂಡಿತ್ತಂತೆ, ಪಾತ್ರೆಯ ತಳದಲ್ಲಿ ಸಾರು ಉಳಿದ ಹಾಗೆ! ಹೊಸೂರಿನಿಂದ ಮದರಾಸಿನವರೆಗೆ, ಹೊಂಡ ಬಿದ್ದ ದಾರಿಯಲ್ಲಿ, ಕಾರಿನ ಹಿಂದಿನ ಸೀಟಿನ ಮೇಲೆ ಆ ತೋಟಾ ಬಂದಿದೆ. ಬೀರುವಿನಲ್ಲಿ ಕೂತಿದೆ. ಓರಗಿತ್ತಿ ಹಬ್ಬದ ಸೀರೆ ತೆಗೆಯುವಾಗಲೆಲ್ಲ ಅದನ್ನು ಪಕ್ಕಕ್ಕೆ ಸರಿಸಿದ್ದಾಳೆ. ಸೇಫ್ಟಿ ಎನ್ನುವುದು ಟ್ರಿಗರ್ ತಡೆಯುವ ಒಂದು ಸಣ್ಣ ಗುಂಡಿ, ಅದೂ ಮಾವನವರ ಕಾಲದ್ದು. ಅದು ಸವೆದಿರಬಹುದು, ಸರಿದಿರಬಹುದು, ಹಾಕಿದೆ ಎಂದುಕೊಂಡದ್ದು ಹಾಕಿಲ್ಲದಿರಬಹುದು. ಅದನ್ನು ನಂಬಿ ತಾಯಿಯನ್ನು ಎದುರಿಗೆ ಕೂರಿಸುವ ಮಗನಿಗೆ ಏನೆನ್ನಬೇಕು?

ನಾನು ಕೂಗಾಡಿದೆ. ಹಿರಿಯರು, ಹಬ್ಬ, ಅಕ್ಕಪಕ್ಕದವರು ಯಾವುದನ್ನೂ ಲೆಕ್ಕಿಸಲಿಲ್ಲ. ತೋಟದಿಂದ ಹೊರಡುವ ಮೊದಲೇ ತೋಟಾ ತೆಗೆಯಬೇಕು ಎಂದೆ. ಮನೆಗೆ ಬಂದು ಮತ್ತೆ ನೋಡಬೇಕು, ತೋಟಾ ಬೇರೆ ಕಡೆ ಬೀಗದಲ್ಲಿರಬೇಕು, ಕೋವಿಯ ಬಾಯಿಗೆ ಯಾರೂ ಎದುರಾಗಬಾರದು, ಖಾಲಿಯಿದ್ದರೂ ಎದುರಾಗಬಾರದು ಎಂದೆ. ‘ನಿಮಗೆ ಇದು ಭಾರ ಅನ್ನಿಸಿದ್ರೆ ಕೋವಿ ಇಟ್ಕೋಬೇಡಿ, ಬೊಂಬೆ ಇಟ್ಕೊಳ್ಳಿ’ ಎಂದೂ ಅಂದುಬಿಟ್ಟೆ.

ಅತ್ತೆ ಕೆಳಗೆ ಚೆಲ್ಲಿದ ಕುಂಕುಮವನ್ನೇ ನೋಡುತ್ತಿದ್ದರು. ‘ಪೂಜೆ ಕೆಡಿಸಿಬಿಟ್ಟೆಯಲ್ಲಮ್ಮಾ’ ಎಂದರು. ‘ನನ್ನ ಮಗ ನನಗೆ ಕೆಟ್ಟದ್ದು ಮಾಡ್ತಾನಾ?’

ಮಾಡುತ್ತಾನೆ ಎಂದು ನಾನು ಹೇಳಿರಲಿಲ್ಲ. ಮಾಡಬೇಕೆಂದು ಮಾಡುವವರ ವಿಷಯಕ್ಕೆ ಪೊಲೀಸರಿದ್ದಾರೆ. ನಾನು ಹೆದರುವುದು ಮಾಡಬೇಕೆಂದಿಲ್ಲದವರಿಗೆ.

ಊಟಕ್ಕೆ ಕೂತಾಗ ಗಂಡ ಮೆಲ್ಲಗೆ, ‘ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರೋದಿಲ್ಲ, ಸ್ವಲ್ಪ ತಡ್ಕೋಬಹುದಿತ್ತು’ ಎಂದರು. ಮೂಗಿನ ಚಿಂತೆ ಇವರಿಗೆ. ಇವರ ಅಮ್ಮನ ಹೊಟ್ಟೆಯ ಎದುರಿಗಿತ್ತು ಅದು. ನಾನು ಪಾಯಸ ಮುಟ್ಟದೆ ಎದ್ದೆ. ಭಾವ ಆ ತೋಟಾಕ್ಕೂ ಒಂದು ಬೊಟ್ಟಿಟ್ಟು, ಮತ್ತೆ ಬೆಂಚಿಗೇರಿದ ಕೋವಿಯ ಪಕ್ಕದಲ್ಲೇ ಮಲಗಿಸಿದ್ದರು. ಸಂಜೆ ಬಂದ ಅತಿಥಿಗಳಿಗೆ, ನಮ್ಮ ತಮ್ಮನ ಹೆಂಡತಿ ರೈಫಲ್ ಟೀಚರ್, ಆದ್ರೆ ಕೋವಿ ಕಂಡ್ರೆ ಭಯ ಎಂದು ಕಥೆ ಹೇಳಿ ನಗಿಸಿದರಂತೆ. ಭಯ ಹೌದು. ನನಗೆ ಕಲಿಸಿದವರು ಮೊದಲು ಕಲಿಸಿದ್ದೇ ಅದನ್ನು.

ಮನೆಗೆ ಬಂದು ಮಾಡಬೇಕಾದದ್ದು, ಮಾಡಬಾರದ್ದು ಎಲ್ಲವನ್ನೂ ಕುಟುಂಬದ ವಾಟ್ಸಪ್ ಗುಂಪಿನಲ್ಲಿ ಬರೆದು ಹಾಕಿದೆ. ಭಾವ ಕೈಮುಗಿಯುವ ಚಿತ್ರ ಹಾಕಿದರು. ಅದರ ಕೆಳಗೆ ಯಾರೋ ವಿಜಯದಶಮಿಯ ಶುಭಾಶಯ ಹಾಕಿದರು. ಅಲ್ಲಿಗೆ ಮುಗಿಯಿತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರೆ. ಈ ಮನೆಯವರಿಗೆ ಕೆಡುವುದಕ್ಕೆ ಒಂದು ಬೆರಳಿನ ದೂರದವರೆಗೆ ಹೋಗಿ ಬಂದರೂ ಬುದ್ಧಿ ಬರಲಿಲ್ಲವಲ್ಲ ಎಂದು ಕುದಿಯುತ್ತಿದ್ದೆ. ವೇಲಚೇರಿಗೆ ಹೋಗುವುದನ್ನೇ ಬಿಟ್ಟೆ. ಅತ್ತೆಯ ಜೊತೆ ಫೋನಿನಲ್ಲಿ ಮಾತು ಮಂಡಿಯೆಣ್ಣೆ, ಮಾತ್ರೆ, ಮಳೆನೀರು ಇಷ್ಟಕ್ಕೇ ನಿಂತಿತು.

ಚುನಾವಣೆ ಬಂತು. ಆ ಸಮಯದಲ್ಲಿ ಲೈಸೆನ್ಸ್ ಇರುವವರು ತಮ್ಮ ಕೋವಿಯನ್ನು ಪೊಲೀಸ್ ಠಾಣೆಯಲ್ಲೋ ಕೋವಿ ಅಂಗಡಿಯಲ್ಲೋ ಒಪ್ಪಿಸಬೇಕು. ಒಂದು ಬೆಳಿಗ್ಗೆ ನಾನು ಕಾಫಿ ಸೋಸುತ್ತಿದ್ದಾಗ ಅತ್ತೆಯ ಫೋನ್ ಬಂತು. ಅವರು ಸಾಮಾನ್ಯವಾಗಿ ಆ ಹೊತ್ತಿಗೆ ಮಾಡುವವರಲ್ಲ.

‘ನಿನ್ನ ಭಾವ ಕೋವಿ ಒಪ್ಪಿಸೋಕೆ ಹೊರಟ’ ಎಂದರು. ದನಿ ಸಣ್ಣಗಿತ್ತು. ‘ನಾನು ಅಡ್ಡ ಕೂತೆ. ತೆಗೆದು ತೋರಿಸಿ ಆಮೇಲೆ ಹೋಗು ಅಂದೆ. ಸಿಟ್ಟು ಮಾಡ್ಕೊಂಡ. ಅಂಗಡೀಲಿ ಅವರೇ ನೋಡ್ಕೋತಾರೆ, ಟೈಮ್ ಆಯ್ತು ಅಂದ. ನಾನು ಬಿಡಲಿಲ್ಲ.’

‘ಆಮೇಲೆ?’

‘ಸಂಕ್ರಾಂತಿಗೆ ತೋಟಕ್ಕೆ ಹೋಗಿದ್ನಲ್ಲ.’

ನಾನು ಒಲೆ ಆರಿಸಿದೆ. ‘ಇತ್ತಾ ಅತ್ತೆ?’

‘ಎರಡು.’

ಅಷ್ಟು ಕೂಗಾಡಿದ್ದು, ಅಷ್ಟು ಬರೆದದ್ದು, ಆ ಕೈಮುಗಿಯುವ ಚಿತ್ರ. ಅತ್ತೆ ಬಿಟ್ಟಿದ್ದರೆ ಅಂಗಡಿಯಲ್ಲಿ ಯಾರದೋ ಮಗ, ಯಾರದೋ ಗಂಡ ಕೈಚಾಚಿ ಅದನ್ನು ತೆಗೆದುಕೊಳ್ಳುತ್ತಿದ್ದ.

‘ಈಗ ಎಲ್ಲಿದೆ ತೋಟಾ?’

‘ನನ್ನ ಮಡಿಲಲ್ಲಿದೆ. ಕೊಡಲ್ಲ ಅಂದಿದೀನಿ.’

‘ತೆಗೆದು ತೋರಿಸುವಾಗ ಕೋವಿಯ ಬಾಯಿ ಯಾವ ಕಡೆಗಿತ್ತು ಅತ್ತೆ?’

ಹಿಂದಿನಿಂದ ಭಾವನವರ ದನಿ, ಅಮ್ಮಾ ಕೊಡಮ್ಮಾ ಸಾಕು, ಎಂದು ತಮಾಷೆ ಮಾಡುವ ಹಾಗಿತ್ತು.

‘ನನ್ನ ಕಡೆಗೇ ಕಣಮ್ಮಾ’ ಎಂದರು ಅತ್ತೆ. ‘ನಾನು ಬೈಯೋಣ ಅಂದ್ರೆ ಅಳು ಬರ್ತಿದೆ. ನೀನು ಈಗಲೇ ಹೊರಟು ಬಾ. ಬಂದು ಅವತ್ತಿನ ಹಾಗೇ ಕೂಗಾಡು.’