ಆರನೇ ಪುಟ ದಾಟಿಸುವ ಬುರುಲ್ಕಾನ್

ಬೆಳಗಿನ ಆರು ಗಂಟೆ. ಪರ್ವತದ ಮಡಿಲಿನ ತಾಶ್-ಕೆಚ್ಚು ಊರಿನ ಗ್ರಂಥಾಲಯದಲ್ಲಿ ಒಲೆಯಿದೆ, ಒಲೆಯ ಪಕ್ಕ ಕಲ್ಲಿದ್ದಲಿನ ಬಕೆಟ್ಟೂ ತುಂಬಿದೆ, ಬೆಂಕಿ ಮಾತ್ರ ಇಲ್ಲ. ಕಿಟಕಿ ಗಾಜಿನ ಒಳಮೈಗೇ ಹಿಮ ಕಟ್ಟಿದೆ. ಬುರುಲ್ಕಾನ್ ಕುರಿದೊಗಲಿನ ಕೋಟು ತೊಟ್ಟು, ಬೆರಳ ತುದಿ ಕತ್ತರಿಸಿದ ಕೈಗವಸಿನಲ್ಲೇ ಕಂಪ್ಯೂಟರಿನ ಗುಂಡಿ ಒತ್ತುತ್ತಾರೆ. ಪೆಟ್ಟಿಗೆ ಗೊರಗುಟ್ಟುತ್ತದೆ, ಸುಮ್ಮನಾಗುತ್ತದೆ, ಮತ್ತೆ ಗೊರಗುಟ್ಟುತ್ತದೆ. ಅವರು ಅದರ ಬೆನ್ನು ಸವರುತ್ತಾರೆ. "ಏಳಮ್ಮ, ಏಳು. ಇವತ್ತೊಂದಿನ ನನ್ನ ಮಾನ ಉಳಿಸು."

ಕಲ್ಲಿದ್ದಲು ಉಳಿಸೋ ಜಿಪುಣಿ ಎಂದು ಊರಿನವರು ಆಡಿಕೊಳ್ಳುವುದುಂಟು. ಆಡಿಕೊಳ್ಳುವವರಿಗೇನು, ಬಾಯಿಗೆ ಬೀಗವೇ? ವಿಷಯ ಬೇರೆ ಇದೆ. ಹದಿನೇಳು ವರ್ಷದ ಈ ಯಂತ್ರ ಸೆಕೆ ತಡೆಯುವುದಿಲ್ಲ. ಕೋಣೆ ಬೆಚ್ಚಗಾದರೆ ಯಂತ್ರ ಕಾಯುತ್ತದೆ, ಯಂತ್ರ ಕಾದರೆ ಬ್ರೌಸರ್ ದೊಪ್ಪನೆ ಬೀಳುತ್ತದೆ, ಅಲ್ಲಿಯವರೆಗೆ ತುಂಬಿದ್ದೆಲ್ಲ ಮಣ್ಣುಪಾಲು. ಎಂಟು ಗಂಟೆ ದಾಟಿ ಊರವರ ಫೋನುಗಳೆಲ್ಲ ಎದ್ದರೆ ಇರುವ ಒಂದು ಮೊಬೈಲ್ ಗೋಪುರದ ಸಂಪರ್ಕವೂ ಎಳೆಯುವುದಿಲ್ಲ. ಹಾಗಾಗಿ ಮುಖ್ಯವಾದ ಅರ್ಜಿಗಳೆಲ್ಲ ಇಲ್ಲಿ ನಸುಕಿನಲ್ಲಿ, ನಡುಗುತ್ತಲೇ ತುಂಬಬೇಕು.

ಐವತ್ತನಾಲ್ಕರ ಬುರುಲ್ಕಾನ್ ಹತ್ತೊಂಬತ್ತನೇ ವಯಸ್ಸಿಗೆ ಸಾಮೂಹಿಕ ಬೇಸಾಯದ ಜಮೀನಿನ ದೂರವಾಣಿ ಕೇಂದ್ರದಲ್ಲಿ ತಂತಿ ಚುಚ್ಚಿ ಕರೆ ಜೋಡಿಸುವ ಕೆಲಸಕ್ಕೆ ಸೇರಿದವರು. ಆ ಬೇಸಾಯ ನಿಂತಿತು, ಕೇಂದ್ರವೂ ಮುಚ್ಚಿತು. ಹತ್ತು ವರ್ಷ ಸಂತೆಯಲ್ಲಿ ಕಾಲುಚೀಲ ಮಾರಿದರು. ಆಮೇಲೆ ಗ್ರಂಥಾಲಯದ ಕೆಲಸ ಸಿಕ್ಕಿತು, ಮುಚ್ಚಿಹೋದ ಶಾಲೆಯೊಂದರ ಕಂಪ್ಯೂಟರೂ ಬಂತು. ಅದರ ಮೆಮೊರಿ ಪಟ್ಟಿಯನ್ನು ಶಾಲೆ ಮಕ್ಕಳ ರಬ್ಬರಿನಿಂದ ಉಜ್ಜಿ ಕೂಡಿಸುವುದನ್ನು ಯಾರೂ ಕಲಿಸಲಿಲ್ಲ. ಜಿಲ್ಲೆಯಿಂದ ಬಂದ ರಿಪೇರಿಯವನು "ಇದನ್ನ ಕೋಳಿಗೂಡು ಮಾಡ್ಕೊಳ್ಳಿ" ಎಂದು ಹೋದ. "ಅವನು ಹೋದ, ಇದು ಇದೆ" ಎನ್ನುತ್ತಾರೆ ಬುರುಲ್ಕಾನ್, ಗಲ್ಲ ಮೇಲೆತ್ತಿ.

ತಿಂಗಳಿಗೆ ಎರಡೋ ಮೂರೋ ಮಂದಿ ಬರುತ್ತಾರೆ. ಪಿಂಚಣಿ, ಹುಲ್ಲುಗಾವಲಿನ ಹಂಚಿಕೆ, ರಷ್ಯಾದಲ್ಲಿ ದುಡಿಯುವ ಮಗನ ಪರವಾನಗಿ. ಈ ಅರ್ಜಿಗಳು ಫೋನಿನಲ್ಲಿ ಅರ್ಧಂಬರ್ಧ ಕಾಣುತ್ತವೆ, ಕೆಳಗಿನ ಗುಂಡಿಯೇ ಸಿಗುವುದಿಲ್ಲ. ಬ್ರೌಸರ್ ಒಳ್ಳೆಯ ದಿನ ನಾಲ್ಕು ಸಲ ಬೀಳುತ್ತದೆ, ಕೆಟ್ಟ ದಿನ ಹದಿನಾಲ್ಕು. ಬುರುಲ್ಕಾನ್ ಹೊಂದಿಸಿಕೊಂಡ ಪದ್ಧತಿ ಇದು: ಉತ್ತರಗಳೆಲ್ಲ ಮೊದಲು ಕಾಗದದ ಮೇಲೆ. ಪುಟದ ಚಿತ್ರಗಳೆಲ್ಲ ಬಂದ್. ಪರದೆಯ ಮೇಲೆ ಒಂದೇ ಕಿಟಕಿ, ಎರಡನೆಯದು ತೆರೆದರೆ ಕೈ ಕತ್ತರಿಸಿಕೊಂಡಂತೆ. ಒಂದು ಪುಟ ಮುಗಿದ ಮೇಲೆ ಹನ್ನೆರಡು ಉಸಿರು ಎಣಿಸಿ ಮುಂದಿನದು.

"ಅದಕ್ಕೆ ಸುಧಾರಿಸ್ಕೊಳ್ಳೋಕೆ ಬಿಡ್ಬೇಕು" ಎನ್ನುತ್ತಾರೆ. "ಬಡಿದ್ರೆ, ಬೈದ್ರೆ ಓಡಲ್ಲ. ನಮ್ಮ ಯಜಮಾನ್ರು ಕುಬಾತ್ ಕೇಳ್ತಾರೆ, ಆ ಡಬ್ಬದ ಮೇಲಿರೋ ತಾಳ್ಮೆ ನನ್ನ ಮೇಲೆ ಯಾಕಿಲ್ಲ ಅಂತ. ನಾನಂದೆ, ಅದು ಕೆಟ್ಟೋದಾಗ ಸುಮ್ನಾದ್ರೂ ಇರುತ್ತೆ, ನೀವು ಹಾಗಲ್ವಲ್ಲ!"

ಇಂದು ಆ ತಾಳ್ಮೆಗೆ ಪರೀಕ್ಷೆ. ರಾಜಧಾನಿಯ ಕಣ್ಣಿನ ವೈದ್ಯರ ತಂಡ ವರ್ಷಕ್ಕೊಮ್ಮೆ ಜಿಲ್ಲೆಗೆ ಬರುತ್ತದೆ, ನಲವತ್ತು ಮಂದಿಗೆ ಪೊರೆ ತೆಗೆಯುತ್ತದೆ. ಹೆಸರು ಕಂಪ್ಯೂಟರಿನಲ್ಲೇ ಕೊಡಬೇಕು. ಏಳು ಗಂಟೆಗೆ ನೋಂದಣಿ ತೆರೆದರೆ ಅರ್ಧ ತಾಸಿನಲ್ಲಿ ಭರ್ತಿ. ಅರ್ಜಿಗೆ ಒಂಬತ್ತು ಪುಟ, ಅರ್ಧಕ್ಕೆ ನಿಂತರೆ ಮೊದಲಿಂದ ಶುರು. ಹೋದ ವರ್ಷ, ಉಣ್ಣೆ ತಿಕ್ಕಿ ಕಂಬಳಿ ಹೊಸೆಯುವ ಎಪ್ಪತ್ತೊಂದರ ಸೋನುನ್‌ಬುಬು ಅವರ ಅರ್ಜಿ ಆರನೇ ಪುಟದಲ್ಲಿ ಬಿದ್ದುಹೋಯಿತು. ಮತ್ತೆ ತುಂಬುವಷ್ಟರಲ್ಲಿ ನಲವತ್ತೂ ಮುಗಿದಿತ್ತು. ಆಗ ಅವರಿಗೆ ಒಂದು ಕಣ್ಣು ಮಸುಕಾಗಿತ್ತು. ಈಗ ಎರಡೂ. ಮುಂದಿನ ವರ್ಷದವರೆಗೆ ಕಾದರೆ ಉಳಿಯುವುದು ಕತ್ತಲೆ ಮಾತ್ರ.

ಆ ಸೋಲಿನ ಮರುದಿನ ಬುರುಲ್ಕಾನ್ ಪೆಟ್ಟಿಗೆ ಬಿಚ್ಚಿ ನೋಡಿದರು. ಫ್ಯಾನಿನ ತುಂಬ ಉಣ್ಣೆಯ ಜೂಲು. ಎಲ್ಲಿಂದ ಬಂತೆಂದು ಹುಡುಕಲು ಹೋಗಬೇಕಿರಲಿಲ್ಲ. ಕಂಪ್ಯೂಟರಿಗೆ ಚಳಿಯಾದೀತೆಂದು ಸೋನುನ್‌ಬುಬು ನಾಲ್ಕು ತಿಂಗಳು ಕೂತು ಹೊಸೆದ ಕೆಂಪು ಕಂಬಳಿ ಅದರ ಮೈಮೇಲೇ ಇತ್ತು, ಟಗರಿನ ಕೊಂಬಿನ ಚಿತ್ತಾರ ಸಮೇತ. ನಮ್ಮಲ್ಲಿ ಹಿರಿಯರ ಕೈಯ ಉಡುಗೊರೆಯನ್ನು ತೆಗೆದಿಟ್ಟರೆ ಅವರ ಮುಖಕ್ಕೆ ಹೊಡೆದ ಹಾಗೆ. ಅದರಲ್ಲೂ ಇದು ಅವರ ಕಣ್ಣಿಗೆ ಕಂಡ ಕೊನೆಯ ಚಿತ್ತಾರ. ಹೇಳುವುದು ಹೇಗೆ? ಬುರುಲ್ಕಾನ್ ಹೇಳಲಿಲ್ಲ. ಫ್ಯಾನು ಒರೆಸಿ, ನಸುಕಿನಲ್ಲಿ ಒಬ್ಬರೇ ಇದ್ದಾಗ ಕಂಬಳಿ ತೆಗೆಯುವುದು, ಅಜ್ಜಿಯ ಕೋಲಿನ ಸದ್ದು ಕೇಳಿದ ಕೂಡಲೇ ಹೊದಿಸುವುದು. ಒಂದು ವರ್ಷ ಹೀಗೇ ನಡೆದಿದೆ.

ಇಂದೂ ಆರೂ ಮುಕ್ಕಾಲಿಗೆ ಕೋಲು ಟಕ್ ಟಕ್ ಎಂದಿತು, ಕಂಬಳಿ ಯಂತ್ರವನ್ನೇರಿತು. ಸೋನುನ್‌ಬುಬು ಒಳಬಂದು, ಮಡಿಲಿನ ರೊಟ್ಟಿ ಮುರಿದು ಬುರುಲ್ಕಾನ್ ಬಾಯಿಗೊಂದು ಚೂರು ಇಟ್ಟು, ಕೈಚಾಚಿ ಕಂಬಳಿ ಸವರಿದರು. "ಬೆಚ್ಚಗಿದೆಯೇನೇ ನಿನ್ನ ಕೂಸು?"

"ಬೆಚ್ಚಗಿದೆ, ಅಪಾ" ಎಂದರು ಬುರುಲ್ಕಾನ್; ಹಿರಿಯ ಹೆಂಗಸರನ್ನು ಇಲ್ಲಿ ಹಾಗೇ ಕರೆಯುವುದು. ಬೆಚ್ಚಗೇ ಇತ್ತು, ಅದೇ ತೊಂದರೆ.

ಏಳಕ್ಕೆ ಪುಟ ತೆರೆಯಿತು. ಒಂದು, ಎರಡು, ಮೂರು. ಹನ್ನೆರಡು ಉಸಿರು. ನಾಲ್ಕು, ಐದು. ಫ್ಯಾನಿನ ದನಿ ಏರಿತು. ಆರನೆಯದರಲ್ಲಿ ಹೆಸರಿನ ಎರಡನೇ ಅಕ್ಷರಕ್ಕೆ ಪರದೆ ಬೆಳ್ಳಗಾಯಿತು. 'ಬ್ರೌಸರ್ ಸ್ಪಂದಿಸುತ್ತಿಲ್ಲ.' ಬುರುಲ್ಕಾನ್ ಕೈ ಮಡಿಲಿಗೆ ಬಿತ್ತು.

"ಯಾಕೆ ಟೈಪಿನ ಸದ್ದು ನಿಂತೋಯ್ತು?"

"ಸ್ವಲ್ಪ ಸುಸ್ತಾಗಿದೆ, ಅಪಾ."

"ಹೋದ ಸಲಾನೂ ಹಿಂಗೇ ಸುಸ್ತಾಗಿತ್ತು." ಅಜ್ಜಿ ಕೈಯನ್ನು ಕಂಬಳಿಯ ಅಡಿಗೆ ತೂರಿಸಿ ಥಟ್ಟನೆ ಹಿಂದಕ್ಕೆಳೆದುಕೊಂಡರು. "ಅಯ್ಯೋ, ಸುಡ್ತಾ ಇದೆಯಲ್ಲೇ! ನಲವತ್ತು ವರ್ಷ ಗುಡಾರಗಳಿಗೆ ಕಂಬಳಿ ಹೊಸೆದಿದ್ದೀನಿ ನಾನು. ಒಳಗೆ ಒಲೆ ಉರೀತಿದ್ರೆ ನೆತ್ತಿ ಕಿಂಡಿ ಮುಚ್ತಾರೇನೇ? ಹೊಗೆ ಎಲ್ಲಿಗೆ ಹೋಗ್ಬೇಕು? ನಿಂಗೆ ಗೊತ್ತಿತ್ತಾ?"

ಬುರುಲ್ಕಾನ್ ತಲೆ ತಗ್ಗಿಸಿದರು. "ಗೊತ್ತಿತ್ತು, ಅಪಾ."

"ಯಾವಾಗಿಂದ?"

"ಹೋದ ವರ್ಷದಿಂದ."

"ಥೂ ನಿನ್ನ! ನನ್ನ ಮರ್ಯಾದೆ ಕಾಯೋಕೆ ಹೋಗಿ ನನ್ನ ಕಣ್ಣೇ ಕಳೀತಿದ್ಯಲ್ಲೇ, ಪೆದ್ದಿ! ತೆಗಿ ಇದನ್ನ!" ಹೇಳಿದ್ದಷ್ಟೇ ಅಲ್ಲ, ತಾವೇ ಎಳೆದು ನೆಲಕ್ಕೆ ಹಾಕಿದರು. "ಆ ಕಿಟಕೀನೂ ತೆಗಿ."

ಕಿಟಕಿ ತೆರೆಯಿತು. ಪರ್ವತದ ಚಳಿ ನೇರ ಪೆಟ್ಟಿಗೆಯ ಮೈಗೆ ನುಗ್ಗಿತು. ಬುರುಲ್ಕಾನ್ ಎಲ್ಲವನ್ನೂ ಆರಿಸಿ ಮತ್ತೆ ಹಚ್ಚಿದರು. ಏಳು ಹದಿನೈದು. ಕಾಗದ ನೋಡಿ ಮೊದಲ ಪುಟದಿಂದ ಹೊಡೆಯತೊಡಗಿದರು. ಪುಟ ಪುಟಕ್ಕೂ ಹನ್ನೆರಡು ಉಸಿರು, ಈ ಬಾರಿ ಅಜ್ಜಿಯೂ ಗಟ್ಟಿಯಾಗಿ ಎಣಿಸಿದರು. ಅವಸರದಲ್ಲಿ ಹತ್ತಕ್ಕೇ ಕೈ ಎತ್ತಿದ ಬುರುಲ್ಕಾನ್‌ಗೆ "ಇನ್ನೂ ಎರಡಿದೆ!" ಎಂದು ಗದರಿದರು. ಐದು. ಆರು. ಹೆಸರು ಪೂರ್ತಿ ಬಿತ್ತು. ಏಳು, ಎಂಟು. ಒಂಬತ್ತನೆಯದರ ಕೊನೆಯ ಗುಂಡಿ ಒತ್ತಿದ ಮೇಲೆ ಸಣ್ಣ ಚಕ್ರವೊಂದು ಪರದೆಯ ನಡುವೆ ತಿರುಗಿತು, ತಿರುಗಿತು, ಇಬ್ಬರೂ ಉಸಿರು ಎಣಿಸುವುದನ್ನೇ ಮರೆತರು.

"ಸ್ವೀಕರಿಸಲಾಗಿದೆ. ಮೂವತ್ತೇಳನೆಯವರು" ಎಂದು ಬುರುಲ್ಕಾನ್ ಓದಿದರು. ಕೈಗವಸಿನಿಂದ ಕಣ್ಣೊರೆಸಿಕೊಂಡರು. ಸಂತೋಷಕ್ಕೂ ಅಳು ಬರುತ್ತದೆ, ತಪ್ಪೇನಿಲ್ಲ.

"ಎಲ್ಲಿ ಬರೆದಿದೆ ನನ್ನ ಹೆಸರು?"

ಬುರುಲ್ಕಾನ್ ಅಜ್ಜಿಯ ತೋರುಬೆರಳು ಹಿಡಿದು ಪರದೆಯ ಮೇಲಿಟ್ಟರು. ಉಣ್ಣೆ ತಿಕ್ಕಿ ತಿಕ್ಕಿ ದಪ್ಪಗಾದ ಬೆರಳು ಗಾಜಿನ ಮೇಲೆ ನಿಧಾನವಾಗಿ ಹೆಸರಿನ ಉದ್ದಕ್ಕೂ ಸರಿಯಿತು. "ಇಷ್ಟುದ್ದ ಇದೆಯಾ?" ಎಂದರು ಸೋನುನ್‌ಬುಬು, ನಗುತ್ತ.

ಅಜ್ಜಿಯನ್ನು ಬಾಗಿಲವರೆಗೆ ಬಿಟ್ಟು ಬಂದ ಬುರುಲ್ಕಾನ್ ಕಿಟಕಿ ಮುಚ್ಚಿ, ಯಂತ್ರ ಆರಿಸಿ, ಒಲೆಗೆ ಬೆಂಕಿ ಹಚ್ಚುತ್ತಾರೆ. ಹೊಸ ಕಂಪ್ಯೂಟರ್ ಬಂದರೆ ಹೇಗೆ ಎಂದು ಕೇಳಿದರೆ ಕೈ ಕೊಡವುತ್ತಾರೆ. "ಕೊಟ್ರೆ ಬೇಡ ಅನ್ನಲ್ಲ. ಕೊಡ್ತೀವಿ ಅಂತ ಆರು ವರ್ಷದಿಂದ ಹೇಳ್ತಿದ್ದಾರೆ, ಹೇಳ್ಲಿ. ಈ ಮುದುಕೀನ ಇಟ್ಕೊಂಡೇ ಏಳು ವರ್ಷದಲ್ಲಿ ಇನ್ನೂರ ಹನ್ನೊಂದು ಜನರ ಅರ್ಜಿ ದಡ ಮುಟ್ಟಿಸಿದ್ದೀನಿ. ಹೋದ ವರ್ಷದ್ದು ಒಂದು ಮಾತ್ರ ಎದೇಲಿ ಮುಳ್ಳಿನ ಹಾಗೆ ಚುಚ್ತಿತ್ತು."

ಕಿಡಿ ಹತ್ತಿಕೊಳ್ಳುವವರೆಗೆ ಊದಿ ಮತ್ತೆ ಹೇಳುತ್ತಾರೆ: "ನನಗೆ ಬೇಕಾಗಿರೋದು ಇಷ್ಟೇ. ಅಪಾ ಕಣ್ಣು ಮಾಡಿಸ್ಕೊಂಡು ವಾಪಸ್ ಬರ್ಲಿ, ಇಲ್ಲೇ ಕೂತು ತಮ್ಮ ಹೆಸರು ತಾವೇ ಓದ್ಲಿ. ಅವಸರದಲ್ಲಿ ಅದರಲ್ಲೊಂದು ಅಕ್ಷರ ತಪ್ಪು ಹೊಡೆದಿದ್ದೀನಿ. ಅವರೇ ಕಂಡುಹಿಡಿದು ಚೆನ್ನಾಗಿ ಬೈಲಿ."