ಎಕೋ ನಂಬರಿನಲ್ಲಿ ಕೇಳಿಸಿದ್ದು

ದೆವ್ವ, ಆತ್ಮ, ಶಕುನ ಇವುಗಳನ್ನು ನಾನು ಎಂದೂ ನಂಬಿದವನಲ್ಲ. ಈಗ ನಂಬುತ್ತೇನೆ ಎಂದು ಹೇಳುವುದಕ್ಕೂ ನಾಲಿಗೆ ಏಳುವುದಿಲ್ಲ. ನಮ್ಮ ಸೋದರತ್ತೆ ವರ್ತೂರಿನವರು. ಸಂಜೆ ಕರೆಂಟು ಹೋದರೆ ಸಾಕು, ಕೆರೆ ಪಕ್ಕದ ಹುಣಸೇಮರದ ಕತೆ ತೆಗೆಯುತ್ತಿದ್ದರು. ‘ಅತ್ತೆ, ಆ ಮರ ಕಡಿದು ಅಪಾರ್ಟ್‌ಮೆಂಟ್ ಎದ್ದಾಯ್ತು. ನಿಮ್ಮ ಮೋಹಿನಿ ಈಗ ತಿಂಗಳು ತಿಂಗಳು ಮೇಂಟೆನೆನ್ಸ್ ಕಟ್ಟುತ್ತಿರಬೇಕು’ ಎಂದು ನಾನು ರೇಗಿಸುತ್ತಿದ್ದೆ. ಅವರು ಮುಖ ಊದಿಸಿಕೊಂಡು ಒಳಗೆ ಹೋಗುತ್ತಿದ್ದರು. ಅಂಥವನು ಇವತ್ತು ಇದನ್ನು ಬರೆಯುತ್ತಿದ್ದೇನೆ. ಅತ್ತೆ ಇದ್ದಿದ್ದರೆ ಚೆನ್ನಾಗಿ ಆಡಿಕೊಳ್ಳುತ್ತಿದ್ದರು.

ನನ್ನ ಕಸುಬೂ ಹಾಗೇ ಇದೆ ಅನ್ನಿ. ಇಂಟರ್‌ನೆಟ್ ಮೇಲೆ ನಡೆಯುವ ಫೋನುಗಳನ್ನು ಆಫೀಸುಗಳಿಗೆ ಹಾಕಿಕೊಡುವುದು, ಕೆಟ್ಟರೆ ಹೋಗಿ ಸರಿಮಾಡುವುದು. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯ, ಎಲ್ಲಿಗೆ ಹೋದರೂ ದೂರು ಒಂದೇ: ವಾಯ್ಸ್ ಬ್ರೇಕ್ ಆಗ್ತಿದೆ, ನಮ್ಮದು ಅವರಿಗೆ ಕೇಳ್ತಿದೆ ಅವರದು ನಮಗೆ ಕೇಳ್ತಿಲ್ಲ. ಇಂಥ ಫೋನಿನಲ್ಲಿ ಮಾತು ಇಡಿಯಾಗಿ ಹೋಗುವುದಿಲ್ಲ. ಸಣ್ಣ ಸಣ್ಣ ಚೂರುಗಳಾಗಿ ಹೋಗಿ ಆ ಕಡೆ ಮತ್ತೆ ಜೋಡಿಕೊಳ್ಳುತ್ತದೆ. ಚೂರುಗಳು ದಾರಿಯಲ್ಲಿ ಕಳೆದರೆ ಮಾತು ತುಂಡಾಗುತ್ತದೆ, ಬರುವ ದಾರಿಯೇ ಮುಚ್ಚಿದ್ದರೆ ಏನೂ ಕೇಳಿಸುವುದಿಲ್ಲ. ಕಾರಣ ಹುಡುಕಿದರೆ ಕೊನೆಗೆ ಸಡಿಲವಾದ ಕೇಬಲ್ಲೋ, ಇಲಿಯೋ, ಊಟದ ಹೊತ್ತಿನಲ್ಲಿ ಕ್ರಿಕೆಟ್ ನೋಡುತ್ತಾ ಲೈನು ತುಂಬಿಸಿಟ್ಟ ಮಹಾನುಭಾವರೋ ಸಿಕ್ಕೇ ಸಿಗುತ್ತಾರೆ. ಕಾರಣವಿಲ್ಲದ ತೊಂದರೆ ಎಂಬುದು ನನ್ನ ಅನುಭವದಲ್ಲಿ ಇರಲಿಲ್ಲ.

ಇದು ನಡೆದು ಕೆಲವು ವರ್ಷಗಳಾದವು. ಪೀಣ್ಯದ ಸಣ್ಣ ಕಾರ್ಖಾನೆಗಳಿಗೆ ಆಂಬುಲೆನ್ಸ್ ಕಳಿಸುವ ಒಂದು ಖಾಸಗಿ ಸಂಸ್ಥೆ ಇತ್ತು. ಅವರ ನಂಬರಿನ ಸ್ಟಿಕರು ಲೇತ್ ಮೆಷಿನ್ನುಗಳ ಪಕ್ಕದ ಗೋಡೆಗಳ ಮೇಲೆಲ್ಲ ಕಾಣುತ್ತಿತ್ತು. ಆ ನಂಬರಿಗೆ ಮಾಡಿದ ಕರೆ ಇಂಟರ್‌ನೆಟ್ ಮೂಲಕ ಅವರ ಕಾಲ್ ರೂಮಿಗೆ ಬರುತ್ತಿತ್ತು. ಅಲ್ಲಿ ಹೆಡ್‌ಫೋನ್ ಹಾಕಿಕೊಂಡು ಕೂತ ಹುಡುಗಿಯರಿಗೆ ಒಂದು ನಿಯಮವಿತ್ತು. ಆ ಕಡೆಯಿಂದ ಮಾತು ಬರದಿದ್ದರೆ ಮೂರು ಸಲ ಹಲೋ ಅನ್ನಬೇಕು, ‘ನಿಮ್ಮ ಮಾತು ಕೇಳಿಸ್ತಿಲ್ಲ, ದಯವಿಟ್ಟು ಇನ್ನೊಂದ್ಸಲ ಮಾಡಿ’ ಎಂದು ಹೇಳಿ ಕಟ್ ಮಾಡಬೇಕು. ಆಮೇಲೆ ತಾವೇ ಒಂದು ಸಲ ವಾಪಸ್ ಮಾಡಿ ನೋಡಬೇಕು. ನಿಯಮ ಕ್ರೂರ ಅನ್ನಿಸಬಹುದು. ಆದರೆ ಜೇಬಿನಲ್ಲಿ ಒತ್ತಿಹೋದ ಫೋನು, ಮಕ್ಕಳು ಆಡುತ್ತಾ ಒತ್ತಿದ ಫೋನು ಎಂದು ಇಂಥ ಮೂಕ ಕರೆಗಳು ದಿನವಿಡೀ ಬರುತ್ತಲೇ ಇರುತ್ತವೆ. ಒಂದನ್ನು ಹಿಡಿದು ಕೂತರೆ ನಿಜವಾಗಿ ಕೈ ಕತ್ತರಿಸಿಕೊಂಡವನು ಹಿಂದೆ ಕಾಯಬೇಕಾಗುತ್ತದೆ.

ಅಲ್ಲಿ ಸವಿತಾ ಎಂಬ ಹುಡುಗಿಗೆ ಅಂಥದ್ದೊಂದು ಕರೆ ಬಂತು. ಅವಳು ಮೂರು ಸಲ ಹಲೋ ಅಂದಳು, ಹೇಳಬೇಕಾದದ್ದನ್ನು ಹೇಳಿದಳು, ಕಟ್ ಮಾಡಿದಳು. ವಾಪಸ್ ಮಾಡಿದಾಗ ರಿಂಗಾಯಿತು, ಯಾರೂ ಎತ್ತಲಿಲ್ಲ. ಅದೇ ಸಂಜೆ ಒಂದು ಡೈ ಕಾಸ್ಟಿಂಗ್ ಕಾರ್ಖಾನೆಯ ಸ್ಟೋರ್ ರೂಮಿನಲ್ಲಿ ರಂಗಸ್ವಾಮಿ ಎಂಬ ಕೆಲಸಗಾರ ಸತ್ತುಬಿದ್ದಿದ್ದು ಕಂಡುಬಂತು. ಹೃದಯಾಘಾತ. ಕೈಯಲ್ಲಿ ಫೋನಿತ್ತು, ಆತ ಕೊನೆಯದಾಗಿ ಮಾಡಿದ ಕರೆ ಆಂಬುಲೆನ್ಸಿಗೆ. ಆ ಕರೆಯೇ ಸವಿತಾ ಕಟ್ ಮಾಡಿದ್ದು.

ಸಂಸ್ಥೆಯ ಮ್ಯಾನೇಜರ್ ನನ್ನನ್ನು ಕರೆಸಿದರು. ರಂಗಸ್ವಾಮಿಯ ಮಾತು ನೆಟ್‌ವರ್ಕಿನಲ್ಲಿ ಸಿಕ್ಕಿಹಾಕಿಕೊಂಡಿತೋ, ಬಂದದ್ದನ್ನು ಹುಡುಗಿ ಗಮನವಿಟ್ಟು ಕೇಳಲಿಲ್ಲವೋ ಎಂದು ನಾನು ಹೇಳಬೇಕಾಗಿತ್ತು. ಸವಿತಾ ಇಪ್ಪತ್ತೈದರ ಆಸುಪಾಸಿನ, ಕಡಿಮೆ ಮಾತಿನ ಹುಡುಗಿ. ನಾನು ಲ್ಯಾಪ್‌ಟಾಪ್ ತೆರೆಯುವ ಮೊದಲೇ ಪಕ್ಕಕ್ಕೆ ಬಂದು ನಿಂತಳು.

“ಸಾರ್, ಕೆಲ್ಸ ಹೋದ್ರೆ ಹೋಗ್ಲಿ. ಅವ್ರು ಮಾತಾಡಿದ್ರಾ ಇಲ್ವಾ ಅಷ್ಟು ನೋಡಿ ಹೇಳಿ” ಎಂದಳು.

ಸರಿ, ನೋಡಿದೆ. ಕೇಬಲ್, ರೌಟರ್, ಹೆಡ್‌ಫೋನ್, ಯಾವುದನ್ನೂ ಬಿಡಲಿಲ್ಲ. ಆ ಕರೆಯ ಚೂರುಗಳ ಲೆಕ್ಕವನ್ನು ತೆಗೆದು ನೋಡಿದಾಗ ನನಗೆ ಕಸಿವಿಸಿಯಾಯಿತು. ದಾರಿ ಮುಚ್ಚಿದ್ದರೆ ಆ ಕಡೆಯಿಂದ ಒಂದು ಚೂರೂ ಬಂದಿರಬಾರದು. ಆದರೆ ಚೂರುಗಳೆಲ್ಲ ಬಂದಿದ್ದವು, ಒಂದೂ ಕಳೆದಿರಲಿಲ್ಲ. ಅವುಗಳ ಒಳಗೆ ಮಾತ್ರ ಮಾತಿರಲಿಲ್ಲ. ರೆಕಾರ್ಡಿಂಗ್ ಕೇಳಿದೆ. ಸವಿತಾಳ ಹಲೋಗಳ ನಡುವೆ ಬರೀ ನಿಶ್ಶಬ್ದ. ಒಂದೆರಡು ಕಡೆ ಏನೋ ತಟ್ಟಿದಂಥ ಸಣ್ಣ ಸದ್ದು, ಅಷ್ಟೇ. ಫೋನು ಎಲ್ಲಿಗೋ ತಾಗಿರಬಹುದು ಎಂದುಕೊಂಡು ಸುಮ್ಮನಾದೆ.

ಇಷ್ಟರಲ್ಲಿ ರಂಗಸ್ವಾಮಿಯ ಹೆಂಡತಿ ಬಂದು ಹೊರಗಿನ ಬೆಂಚಿನ ಮೇಲೆ ಕೂತಿದ್ದರು. ಹೆಸರು ಭಾಗ್ಯಮ್ಮ, ಮನೆ ದಾಸರಹಳ್ಳಿಯ ಕಡೆ. ಜಗಳ ಮಾಡಲು ಬಂದಿದ್ದಾರೆ ಎಂದು ಮ್ಯಾನೇಜರ್ ಹೆದರಿ ನನ್ನನ್ನೇ ಮುಂದಕ್ಕೆ ತಳ್ಳಿದರು. ಆ ಹೆಣ್ಣುಮಗಳ ಮುಖದಲ್ಲಿ ಜಗಳದ ಸುಳಿವೂ ಇರಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಒಂದೇ ಮಾತು ಕೇಳಿದರು.

“ಅವ್ರ ದನಿ ಅದ್ರಾಗೆ ಸಿಕ್ಕಿದ್ರೆ ಒಂದ್ಸಲ ಕೇಳುಸ್ಬುಡಿ ಅಣ್ಣ. ಕೊನೇಗೆ ಏನಂದ್ರು ಅಂತ ಗೊತ್ತಾದ್ರೆ ಸಾಕು.”

ನೋಡುತ್ತೇನಮ್ಮ ಎಂದು ಒಳಗೆ ಬಂದೆ. ನೋಡಲು ಏನೂ ಉಳಿದಿಲ್ಲವೆಂದು ನನಗೆ ಗೊತ್ತಿತ್ತು. ಬಾರದೇ ಹೋದ ಮಾತನ್ನು ಯಾವ ಪೆಟ್ಟಿಗೆಯೂ ಹಿಡಿದಿಟ್ಟುಕೊಂಡಿರುವುದಿಲ್ಲ. ಆದರೂ ಮುಖಕ್ಕೆ ಹೊಡೆದ ಹಾಗೆ ಅದನ್ನು ಹೇಳಲಾಗಲಿಲ್ಲ. ಇನ್ನೊಂದು ಪರೀಕ್ಷೆ ಮಾಡಿಬಿಡೋಣ ಎಂದು ಸವಿತಾಳ ಕುರ್ಚಿಯಲ್ಲಿ ಕೂತೆ.

ನಮ್ಮಲ್ಲಿ ಎಕೋ ನಂಬರು ಅಂತ ಒಂದನ್ನು ಇಟ್ಟಿರುತ್ತೇವೆ. ಅದಕ್ಕೆ ಫೋನು ಮಾಡಿದರೆ ಆ ಕಡೆ ಮನುಷ್ಯರು ಯಾರೂ ಇರುವುದಿಲ್ಲ. ನಾವು ಆಡಿದ್ದನ್ನೇ ಯಂತ್ರ ಒಂದು ಕ್ಷಣ ತಡೆದು ನಮಗೇ ವಾಪಸ್ ಕೇಳಿಸುತ್ತದೆ. ಹೋಗುವ ದಾರಿ, ಬರುವ ದಾರಿ ಎರಡೂ ಸರಿಯಿದೆಯೇ ಎಂದು ಅದರಿಂದ ತಿಳಿಯುತ್ತದೆ. ಎಲ್ಲರೂ ಅದಕ್ಕೆ ಒಂದು ಎರಡು ಮೂರು ಎನ್ನುತ್ತಾರೆ. ನಾನೂ ಅಂದೆ, ನನ್ನ ಕರ್ಕಶ ಗಂಟಲು ಸ್ಪಷ್ಟವಾಗಿ ವಾಪಸ್ ಬಂತು. ಇಟ್ಟುಬಿಡಬಹುದಿತ್ತು. ಏನನ್ನಿಸಿತೋ, ಆ ದಿನ ಸವಿತಾ ಹೇಳಿದ್ದ ಮಾತನ್ನೇ ಹೇಳಿ ನೋಡೋಣ ಎಂದು ಮತ್ತೆ ಡಯಲ್ ಮಾಡಿ, ಮೂರು ಸಲ ಹಲೋ ಅಂದು, ನಿಮ್ಮ ಮಾತು ಕೇಳಿಸುತ್ತಿಲ್ಲ ಅಂದೆ.

ನನ್ನ ಹಲೋ ವಾಪಸ್ ಬರಲಿಲ್ಲ. ಸ್ವಲ್ಪ ಹೊತ್ತು ಏನೂ ಇರಲಿಲ್ಲ. ಆಮೇಲೆ ಒಬ್ಬ ಗಂಡಸು, ತೀರ ಹತ್ತಿರದಿಂದ, ತುಂಡು ತುಂಡಾಗಿ ಮಾತಾಡಿದ.

“ಕ... ಕ... ಕಟ್ ಮಾಡ್ಬೇಡಿ ಅಕ್ಕಾ. ಹೇ... ಹೇಳ್ತೀನಿ.”

ಓದುವವರು ನಂಬಬೇಕು, ಆ ಕ್ಷಣದಲ್ಲಿ ನನಗೆ ಹೆದರಿಕೆಯಾಗಲಿಲ್ಲ, ಖುಷಿಯಾಯಿತು. ಅಬ್ಬ, ಅಂತೂ ಸಿಕ್ಕಿತಲ್ಲ ಅನ್ನಿಸಿತು. ಯಾರದೋ ಕರೆ ಬಂದು ಇಲ್ಲಿಗೆ ಸೇರಿಕೊಂಡಿದೆ, ಅದೂ ಚೂರುಗಳು ಕಳೆದು ಮಾತು ತುಂಡಾಗಿದೆ, ಎಂದರೆ ಲೈನಿನಲ್ಲಿ ದೋಷವಿದೆ, ಹುಡುಗಿ ಬಚಾವು ಎಂದುಕೊಂಡೆ. ಲೈನಿನಲ್ಲಿ ಹೋಗಿಬಂದದ್ದೆಲ್ಲ ಲ್ಯಾಪ್‌ಟಾಪಿನಲ್ಲಿ ದಾಖಲಾಗುತ್ತಲೇ ಇತ್ತು. ಆತುರದಿಂದ ಅದನ್ನು ತೆರೆದು ಕೇಳಿದೆ. ಮೂರು ಹಲೋ, ನಿಮ್ಮ ಮಾತು ಕೇಳಿಸುತ್ತಿಲ್ಲ. ಹೋದದ್ದೂ ನನ್ನ ಧ್ವನಿ, ಬಂದದ್ದೂ ನನ್ನ ಧ್ವನಿ, ಎಲ್ಲೂ ತುಂಡಾಗಿರಲಿಲ್ಲ. ಬೇರೆ ಯಾವ ಕರೆಯೂ ಆ ಹೊತ್ತಿನಲ್ಲಿ ಲೈನಿನ ಮೇಲೆ ಇರಲಿಲ್ಲ. ಹೆದರಿಕೆಯಾದದ್ದು ಆಗ. ಮಟಮಟ ಮಧ್ಯಾಹ್ನ, ಕೆಳಗೆ ಲಾರಿಗಳು ಹಾರ್ನ್ ಹೊಡೆಯುತ್ತಿದ್ದವು, ಪಕ್ಕದ ಶೆಡ್ಡಿನಲ್ಲಿ ಯಾರೋ ಕಬ್ಬಿಣ ಕೊಯ್ಯುತ್ತಿದ್ದರು.

ಪಕ್ಕದಲ್ಲಿ ನಿಂತಿದ್ದ ಸವಿತಾಳಿಗೆ ಏನೂ ಹೇಳದೆ ಹೆಡ್‌ಫೋನ್ ಕೊಟ್ಟು, ಆವತ್ತು ಹೇಳಿದ್ದನ್ನೇ ಹೇಳಮ್ಮ ಎಂದೆ. ನಾನೇ ಡಯಲ್ ಮಾಡಿದೆ. ಅವಳು ಹೇಳಿದಳು. ಹೇಳಿ ಮುಗಿಸಿ ಕೇಳುತ್ತಾ ಕೂತಳು. ಯಂತ್ರ ಒಪ್ಪಿಸಲು ಬೇಕಾದ ಹೊತ್ತಿಗಿಂತ ಹೆಚ್ಚು ಹೊತ್ತು ಕೂತಳು. ಆಮೇಲೆ ಹೆಡ್‌ಫೋನನ್ನು ಮೆಲ್ಲಗೆ ತೆಗೆದು ಮೇಜಿನ ಮೇಲಿಟ್ಟಳು. ಕರೆಯನ್ನು ಕಟ್ ಮಾಡಲಿಲ್ಲ, ನಾನೇ ಮಾಡಿದೆ.

ಏನು ಕೇಳಿಸಿತು ಎಂದು ಕೇಳಿದೆ.

“ನನ್ ಮಾತೇ ಸಾರ್” ಎಂದಳು. ನನ್ನ ಕಡೆ ನೋಡದೆ, ನಿಮಗೆ ಏನು ಕೇಳಿಸಿತು ಎಂದು ಕೇಳಿದಳು. ನನಗೂ ನನ್ನ ಮಾತೇ ಎಂದೆ. ಆಮೇಲೆ ಎಷ್ಟು ಸಲ ಡಯಲ್ ಮಾಡಿದರೂ ಯಂತ್ರ ನಾನು ಹೇಳಿದ್ದನ್ನೇ ಹೇಳಿತು.

ಹೊರಗೆ ಹೋಗಿ ಭಾಗ್ಯಮ್ಮನ ಪಕ್ಕ ಕೂತು ನನಗೆ ಗೊತ್ತಿದ್ದಷ್ಟನ್ನು ಹೇಳಿದೆ. ಲೈನು ಸರಿಯಿತ್ತಮ್ಮ, ಕರೆ ಚೆನ್ನಾಗಿಯೇ ಬಂದಿದೆ, ಆದರೆ ನಿಮ್ಮ ಯಜಮಾನರು ಏನೂ ಮಾತಾಡಿಲ್ಲ, ಪಾಪ, ಆ ಹೊತ್ತಿಗಾಗಲೇ ಪ್ರಜ್ಞೆ ತಪ್ಪಿರಬೇಕು ಎಂದೆ. ಇದನ್ನು ಕೇಳಿದರೆ ಸಮಾಧಾನವಾದೀತು ಎಂದು ನನ್ನ ಎಣಿಕೆ. ಆಕೆ ಇಲ್ಲ ಇಲ್ಲ ಎಂದು ತಲೆಯಾಡಿಸಿದರು.

“ಅವ್ರಿಗೆ ಉಗ್ಗು ಇತ್ತು ಅಣ್ಣ. ಎದುರಿಗೆ ಕುಂತ್ರೆ ಎಂಗೋ ಯೋಳೋರು. ಪೋನ್ ಕೈಗೆ ಬಂದ್ರೆ ಗಂಟ್ಲೇ ಕಟ್ಬುಡೋದು, ಮೊದಲ್ನೇ ಮಾತು ಈಚೆಗೇ ಬರ್ತಿರ್ನಿಲ್ಲ. ಲೈನ್ ಸರಿಯಿಲ್ಲ ಅಂದ್ಕಂಡು ಎಲ್ರೂ ಮಡಗ್ಬುಡೋರು. ಅದ್ಕೇ ಅವ್ರು ಯಾರ್ಗೂ ಪೋನ್ ಮಾಡ್ತಿರ್ನಿಲ್ಲ.”

ಬೆಳಗಿನಿಂದ ನಾನು ಕೇಬಲ್ಲು ಹಿಡಿದು ಹುಡುಕುತ್ತಿದ್ದ ದೋಷ ಲೈನಿನಲ್ಲಿ ಇರಲೇ ಇಲ್ಲ. ಆ ಮನುಷ್ಯ ಮಾತಾಡುತ್ತಲೇ ಇದ್ದ. ಎದೆ ಹಿಡಿದುಕೊಂಡು ಮೊದಲ ಅಕ್ಷರವನ್ನು ಗಂಟಲಿನಿಂದ ತಳ್ಳುತ್ತಾ ಇದ್ದ, ಆ ಸಣ್ಣ ಸದ್ದು ಅದೇ. ಹೆಡ್‌ಫೋನಿನಲ್ಲಿ ನಾನು ಕೇಳಿದ ಮಾತೂ ಚೂರು ಕಳೆದು ತುಂಡಾದದ್ದಾಗಿರಲಿಲ್ಲ. ಆತನಿಗೆ ಉಗ್ಗಿತ್ತೆಂದು ಆ ಗಳಿಗೆಯವರೆಗೆ ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಾನು ಹೇಗೆ ಕೇಳಿದೆ, ಏನನ್ನು ಕೇಳಿದೆ? ಕೇಳಿದ್ದನ್ನು ಭಾಗ್ಯಮ್ಮನಿಗೆ ಹೇಳಬೇಕೆಂದು ಬಾಯಿ ತೆರೆದೆ. ಕಟ್ ಮಾಡ್ಬೇಡಿ ಎಂದು ಬೇಡಿಕೊಂಡ ಎಂದು ಯಾವ ಹೆಂಡತಿಗೆ ಹೇಳುವುದು? ಹೇಳಲಿಲ್ಲ. ಆಕೆ ಬರ್ತೀನಣ್ಣ ಎಂದು ಮೆಟ್ಟಿಲಿಳಿದು ಹೋದರು.

ನೆಟ್‌ವರ್ಕಿನಲ್ಲಿ ದೋಷವಿಲ್ಲ, ಹುಡುಗಿಯ ತಪ್ಪೂ ಇಲ್ಲ, ಕಟ್ ಮಾಡುವ ನಿಯಮವನ್ನು ಬದಲಾಯಿಸಿ ಎಂದು ವರದಿ ಕೊಟ್ಟೆ. ಮ್ಯಾನೇಜರ್ ಮೊದಲ ಸಾಲು ಓದಿ ಸಂತೋಷಪಟ್ಟರು. ನಿಯಮ ಹಾಗೇ ಉಳಿಯಿತು. ಸವಿತಾಳನ್ನು ಆಗಲೇ ತೆಗೆದುಹಾಕಲಿಲ್ಲ. ಆದರೆ ಅವಳಿಗೆ ಆಮೇಲೆ ಮೂಕ ಕರೆಗಳನ್ನು ಕಟ್ ಮಾಡಲು ಕೈ ಬರಲಿಲ್ಲವಂತೆ. ಹೇಳಿ, ನಾನು ಇಲ್ಲೇ ಇದೀನಿ, ನಿಧಾನವಾಗಿ ಹೇಳಿ ಎಂದು ಬೇರೆಯವರ ಜೇಬಿನೊಳಗಿನ ಫೋನುಗಳ ಜೊತೆ ಮಾತಾಡುತ್ತಾ ಕೂತುಬಿಡುತ್ತಿದ್ದಳಂತೆ. ಹಿಂದೆ ಕರೆಗಳು ಕಾಯುತ್ತಿದ್ದವು. ಎರಡು ಸಲ ಎಚ್ಚರಿಕೆ ಕೊಟ್ಟು ಮನೆಗೆ ಕಳಿಸಿದರು. ಅದನ್ನು ತಪ್ಪು ಎಂದು ಹೇಳುವುದಕ್ಕೂ ನನಗೆ ಬಾಯಿ ಬರುವುದಿಲ್ಲ.

ಬಹಳ ದಿನದ ಮೇಲೆ ಜಾಲಹಳ್ಳಿ ಕ್ರಾಸಿನ ಬಸ್ ಸ್ಟಾಪಿನಲ್ಲಿ ಸಿಕ್ಕಳು. ಗಾರ್ಮೆಂಟ್ಸಿಗೆ ಸೇರಿದ್ದಳು. ಸೊರಗಿದ್ದಳು. ಮನೆಯವರ ಬಗ್ಗೆ ವಿಚಾರಿಸಿದೆ, ಕೆಲಸ ಹೇಗಿದೆ ಎಂದು ಕೇಳಿದೆ, ಅಲ್ಲಿ ಫೋನಿಲ್ಲ ಸಾರ್, ಆರಾಮಾಗಿದೆ ಎಂದಳು. ಬಸ್ಸು ಬಂದು ನಿಂತಿತು. ಅವಳು ಒಂದು ಕಾಲನ್ನು ಮೆಟ್ಟಿಲ ಮೇಲಿಟ್ಟು ಹಿಂದಕ್ಕೆ ತಿರುಗಿದಳು.

“ಹೇಳ್ತೀನಿ ಅಂದ್ರಲ್ಲ ಸಾರ್ ಅವ್ರು” ಎಂದಳು. “ಏನ್ ಹೇಳ್ತಿದ್ರೋ.”

ಆ ಮಾತನ್ನು ನಾನು ಅಲ್ಲಿಯವರೆಗೆ ಒಬ್ಬರ ಮುಂದೆಯೂ ಬಾಯಿಬಿಟ್ಟಿರಲಿಲ್ಲ. ಕಂಡಕ್ಟರು ಸೀಟಿ ಊದಿದ, ಬಸ್ಸು ಹೊರಟಿತು.