ಬೈದಷ್ಟೂ ಅರಳುವ ಹೂವು

ಫ್ಲಕ್ಸಸ್ ಚಳವಳಿಯ ಬಗ್ಗೆ ನಾನು ಹಳೇ ಪುಸ್ತಕದಂಗಡಿಗಳಲ್ಲಿ ನಿಂತೇ ಓದಿಕೊಂಡವನು. ಮ್ಯೂಸಿಯಮ್ಮುಗಳ ದೊಡ್ಡಸ್ತಿಕೆಯನ್ನು ತಮಾಷೆಯಿಂದಲೇ ಕೆಡವಲು ಹೊರಟ ಕಲಾವಿದರು ಅವರು. ಚೀಟಿಯಲ್ಲಿ ಒಂದು ಸೂಚನೆ ಬರೆದಿಟ್ಟು, ನೋಡಲು ಬಂದವರ ಕೈಲೇ ಕಲೆ ಮಾಡಿಸುತ್ತಿದ್ದರು.

ಅದೇ ಹಾದಿಯ ಕಂಪ್ಯೂಟರ್ ಕಲೆ ಎಂದು ಜೆ.ಪಿ. ನಗರದ ಗ್ಯಾಲರಿಯೊಂದು ಪ್ರದರ್ಶನ ಇಟ್ಟಿತ್ತು. ಅದೇ ಗ್ಯಾಲರಿ, ತನ್ನ ಗೇಟಿನ ಪಕ್ಕ ಸೊಪ್ಪು ಮಾರುವ ಲಕ್ಷ್ಮಮ್ಮನ ಗಾಡಿ ಎತ್ತಿಸಲು ದೂರು ಕೊಟ್ಟಿತ್ತು. ನನಗೆ ಮೈಯೆಲ್ಲ ಉರಿಯಿತು. ಮ್ಯಾನೇಜರನ್ನು ಎದುರೆದುರೇ ಕೇಳೋಣ ಎಂದು ಲಕ್ಷ್ಮಮ್ಮನನ್ನೂ ಕರೆದುಕೊಂಡು ನುಗ್ಗಿದೆ.

ಒಳಗೆ ಒಂದು ಮೈಕು, ಗೋಡೆ ತುಂಬ ಪರದೆ, ‘ಜೋರಾಗಿ ಕೂಗಿ’ ಎಂಬ ಚೀಟಿ. ಮೈಕು ಹಿಡಿದು, “ಬಡವರ ಹೊಟ್ಟೆ ಮೇಲೆ ಹೊಡೆದು ಕಲೆ ಮಾಡ್ತೀರಾ? ನಾಚಿಕೆ ಆಗಲ್ವಾ?” ಎಂದು ಗುಡುಗಿದೆ. ಪರದೆಯ ಮೇಲೆ ಕೆಂಪು ಹೂವೊಂದು ಅರಳಿತು. ದನಿ ಏರಿಸಿದಷ್ಟೂ ಅದು ದೊಡ್ಡದಾಯಿತು. ಜನ ಚಪ್ಪಾಳೆ ತಟ್ಟಿದರು.

“ಸಖತ್ತಾಗಿದೆ ಅಂಕಲ್, ಇನ್ನೊಂದ್ಸಲ ಬೈರಿ, ವಿಡಿಯೋ ಮಾಡ್ಕೋತೀನಿ,” ಅಂದಳು ಒಬ್ಬ ಹುಡುಗಿ.

ಬೈದೆ. ಹೂವು ಸೂರು ಮುಟ್ಟಲಿ ಅಂತ ಇನ್ನೂ ಜೋರಾಗಿ ಬೈದೆ. ನನ್ನ ಕಣ್ಣು ಪರದೆ ಬಿಟ್ಟು ಅಲ್ಲಾಡಲಿಲ್ಲ.

ಲಕ್ಷ್ಮಮ್ಮ ಮೆಲ್ಲಗೆ ನನ್ನ ತೋಳು ಮುಟ್ಟಿದರು. “ಅಣ್ಣ, ಮ್ಯಾನೇಜರ್ರು ಬಂದು, ನಿಮ್ಮನ್ನ ನೋಡಿ ನಕ್ಕು, ಕಾರು ಹತ್ತಿ ಹೋದ್ರು. ನನ್ ಗಾಡಿ ವಿಷ್ಯ ಯಾವಾಗ ಮಾತಾಡ್ತೀರ?”

ಮಾರನೇ ದಿನ ಗಾಡಿ ಎತ್ತಿಸಿದರು. ಲಕ್ಷ್ಮಮ್ಮ ಈಗ ಬುಟ್ಟಿ ಹೊತ್ತು ಪದ್ಮನಾಭನಗರದ ಬೀದಿಗಳಲ್ಲಿ ಸೊಪ್ಪು ಮಾರುತ್ತಾರೆ. ನಾನು ಸಿಕ್ಕರೆ ಅದೇ ವಿಶ್ವಾಸದಿಂದ ಒಂದು ಕಟ್ಟು ಮೆಂತ್ಯ ಕೈಗಿಟ್ಟು, ಮನೆ ಕಡೆ ವಿಚಾರಿಸುತ್ತಾರೆ. ಹಾಗಾಗಿ ನಾನೀಗ ಸುತ್ತು ಹಾಕಿ ಬೇರೆ ರಸ್ತೆಯಲ್ಲಿ ಓಡಾಡುತ್ತೇನೆ.